ಬಸಿದ ನೀರಿನಲ್ಲೇ ಸಾರು: ಬಯಲುಸೀಮೆಯ ನಿತ್ಯದ ಅಡುಗೆ ಮತ್ತು ಅದರ ಬೆಲೆ

ಚಿತ್ರದುರ್ಗ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ಈಗ ಎರಡು ಬಗೆಯ ಅಡುಗೆ ನಡೆಯುತ್ತದೆ. ಒಂದು ಮನೆಯವರಿಗೆ, ಇನ್ನೊಂದು ಬಂದವರಿಗೆ. ಮನೆಯವರ ಪಾಲಿಗೆ ರಾಗಿಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಕೊನೆಗೊಂದು ಲೋಟ ಮಜ್ಜಿಗೆ. ಬೀಗರೋ ಮಗನ ಕಚೇರಿಯ ಗೆಳೆಯರೋ ಬರುತ್ತಾರೆಂದರೆ ಅಷ್ಟೂ ಹಿಂದೆ ಸರಿದು ಪಲಾವ್, ಚಪಾತಿ, ಸಾಗು, ಪೊಟ್ಟಣದ ಶಾವಿಗೆಯ ಪಾಯಸ, ಬೇಕರಿಯ ಸಿಹಿ ಮುಂದೆ ಬರುತ್ತವೆ. ಮಾಂಸಾಹಾರಿ ಮನೆಗಳಲ್ಲಿ ಬಾಡಿನ ಸಾರು ಜೊತೆಗಿದ್ದಾಗ ಮುದ್ದೆಗೆ ಬಂದವರ ತಟ್ಟೆಯಲ್ಲೂ ಮಾನವಿದೆ. ಆದರೆ ಕಾಳು, ಸೊಪ್ಪು, ಗೊಜ್ಜುಗಳ ನಿತ್ಯದ ಊಟಕ್ಕೆ ಆ ಮಾನ ಸಿಕ್ಕಿಲ್ಲ. ಅತ್ತ ಹಿರಿಯೂರಿನಿಂದ ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ ‘ಮುದ್ದೆ ಊಟ’ದ ಫಲಕಗಳು ಕಾಣುತ್ತವೆ, ದೂರದ ಊರಿನ ಕಾರುಗಳು ಅಲ್ಲಿ ನಿಲ್ಲುತ್ತವೆ. ಮನೆಯಲ್ಲಿ ನೆಂಟರ ಮುಂದಿಡಲು ಸಂಕೋಚಪಡುವ ಊಟವನ್ನೇ ಜನ ಹೆದ್ದಾರಿಯಲ್ಲಿ ದುಡ್ಡು ಕೊಟ್ಟು ಉಣ್ಣುತ್ತಿದ್ದಾರೆ.

ಇದು ರುಚಿಯೊಂದಕ್ಕೇ ಸೇರಿದ ಪ್ರಶ್ನೆಯಲ್ಲ. ಈ ನೆಲದ ಮಳೆ, ಬೆಳೆ, ಪಡಿತರ, ಹೆಂಗಸರ ದುಡಿಮೆ, ಕುಟುಂಬದ ಖರ್ಚು ಇವೆಲ್ಲ ಸೇರಿ ನಿತ್ಯದ ತಟ್ಟೆಯನ್ನು ರೂಪಿಸಿವೆ. ಸುಲಭವಾಗಿ ಮಾಡಬಹುದಾದ, ಬಂದವರು ತಲೆದೂಗುವಂಥ ಅಡುಗೆ ಯಾವುದೆಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಉತ್ತರ ಹುಡುಕಬೇಕಾದರೆ ಅದರ ಹಿನ್ನೆಲೆಯನ್ನೂ ಅರಿಯಬೇಕು.

ಬರ ಕಲಿಸಿದ ಲೆಕ್ಕ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಈ ಆರೂ ತಾಲ್ಲೂಕುಗಳು ಪಶ್ಚಿಮಘಟ್ಟದ ಮಳೆನೆರಳಿನಲ್ಲಿವೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸಿನಲ್ಲಿದ್ದು, ಪಶ್ಚಿಮದ ಹೊಳಲ್ಕೆರೆಗೆ ಸಿಗುವಷ್ಟು ಮಳೆ ಪೂರ್ವದ ಚಳ್ಳಕೆರೆಗೆ ಸಿಗುವುದಿಲ್ಲ. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಚರಿತ್ರೆಯೇ ಈ ನೆಲದ ನೀರಿನ ಚರಿತ್ರೆ. ಮಾರಿಕಣಿವೆಯೆಂದೂ ಕರೆಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಮೂರು ತಲೆಮಾರಿನ ಹೆಂಗಸರು ಇದ್ದ ನೀರಿನಲ್ಲೇ ಅಡುಗೆ ಮಾಡಿದರು, ಇದ್ದ ಸೌದೆಯಲ್ಲೇ ಒಲೆ ಹಚ್ಚಿದರು, ಹೊಲದ ಕೆಲಸ ಬಿಟ್ಟು ಉಳಿದ ಹೊತ್ತಿನಲ್ಲೇ ಉಣ್ಣಲಿಕ್ಕಿದರು.

ನೀರು, ಸೌದೆ, ಹೊತ್ತು ಮೂರೂ ಕೊರತೆಯಿದ್ದಲ್ಲಿ ಅಡುಗೆ ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಬಸ್ಸಾರಿಗಿಂತ ಒಳ್ಳೆಯ ನಿದರ್ಶನ ಸಿಗದು. ಅವರೆಯನ್ನೋ ಅಲಸಂದೆಯನ್ನೋ ತೊಗರಿಬೇಳೆಯನ್ನೋ ಒಂದೇ ಪಾತ್ರೆಯಲ್ಲಿ ಸೊಪ್ಪಿನೊಂದಿಗೆ ಬೇಯಿಸುತ್ತಾರೆ. ಬೆಂದ ಮೇಲೆ ನೀರನ್ನು ಬೇರೆ ಬಸಿಯುತ್ತಾರೆ. ಗಟ್ಟಿ ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಅದು ಪಲ್ಯ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ತುಸು ಕಾಯಿತುರಿ, ಹುಣಸೆಹಣ್ಣಿನ ಜೊತೆಗೆ ಬೆಂದ ಕಾಳನ್ನೇ ಒಂದು ಹಿಡಿ ಹಾಕಿ ರುಬ್ಬಿ, ಬಸಿದ ನೀರಿಗೆ ಬೆರೆಸಿ ಕುದಿಸಿದರೆ ಅದು ಸಾರು. ಒಂದು ಉರಿಯಲ್ಲಿ ಎರಡು ಪದಾರ್ಥ. ಕಾಳು ಮತ್ತು ಸೊಪ್ಪು ನೀರಿಗೆ ಬಿಟ್ಟುಕೊಟ್ಟ ಸತ್ವ ಚೆಲ್ಲಿಹೋಗದೆ ಸಾರಿನಲ್ಲಿ ಮನುಷ್ಯರ ಹೊಟ್ಟೆ ಸೇರುತ್ತದೆ. ಈ ವ್ಯವಸ್ಥೆಯನ್ನು ಕಂಡುಕೊಂಡವರು ಪೋಷಕಾಂಶದ ಪಟ್ಟಿ ನೋಡಿ ಕಂಡುಕೊಳ್ಳಲಿಲ್ಲ. ಯಾವುದನ್ನೂ ಹಾಳುಮಾಡುವ ಸ್ಥಿತಿ ಅವರಿಗಿರಲಿಲ್ಲ, ಅಷ್ಟೆ. ಅದಕ್ಕೇ ಈ ಅಡುಗೆ ಇಷ್ಟು ಅಚ್ಚುಕಟ್ಟಾಗಿದೆ.

ಮಣ್ಣಿನ ಗುಣ ತಟ್ಟೆಗೂ ಇಳಿದಿದೆ. ಎರೆ ಹೊಲಗಳ ಕಡೆ ಜೋಳದ ರೊಟ್ಟಿ, ಕಡಲೆ, ಎಣ್ಣೆಗಾಯಿ. ಕೆಂಪು ಮಣ್ಣಿನ ಕಡೆ ರಾಗಿ, ಸಾಮೆ, ಹುರುಳಿ, ಶೇಂಗಾ. ತೆಂಗು ಬೆಳೆಯುವ ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಸಾರಿಗೆ ಧಾರಾಳವಾಗಿ ಬೀಳುವ ಕಾಯಿ. ಚಳ್ಳಕೆರೆ ಎಣ್ಣೆ ಗಿರಣಿಗಳಿಂದ ಹೆಸರು ಪಡೆದ ಊರು. ಮಳೆಯಾಶ್ರಿತ ಈರುಳ್ಳಿಯ ದೊಡ್ಡ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಹುರಿದ ಶೇಂಗಾ, ಹಸಿ ಈರುಳ್ಳಿ ಮತ್ತು ಹುಣಸೆಹುಳಿ ಈ ಸೀಮೆಯ ಊಟದಲ್ಲಿ ಹೆಚ್ಚೂಕಡಿಮೆ ದಿನವೂ ಇರುತ್ತವೆ.

ಚಂದ್ರವಳ್ಳಿಯ ಮಣ್ಣಿನ ಸಾಕ್ಷ್ಯ

ದುರ್ಗದ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ, ಮತ್ತೆ 1947ರಲ್ಲಿ ಉತ್ಖನನ ನಡೆಯಿತು. ಶಾತವಾಹನರ ನಾಣ್ಯಗಳು, ರೋಮನ್ ದೊರೆಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು, ಬಗೆಬಗೆಯ ಮಡಕೆಚೂರುಗಳು ಅಲ್ಲಿ ದೊರೆತವು. ಕದಂಬ ಮಯೂರಶರ್ಮನ ನಾಲ್ಕನೇ ಶತಮಾನದ ಬಂಡೆಗಲ್ಲಿನ ಶಾಸನವೂ ಅಲ್ಲೇ ಇದೆ. ಅದು ದಾಖಲಿಸುವುದು ಕೆರೆಯೊಂದರ ನಿರ್ಮಾಣವನ್ನು. ಚರಿತ್ರೆ ಬರೆದವರು ನಾಣ್ಯಕ್ಕೂ ಶಾಸನಕ್ಕೂ ಕೊಟ್ಟ ಗಮನವನ್ನು ಆ ಮಡಕೆಗಳಲ್ಲಿ ಏನು ಬೆಂದಿತ್ತು ಎಂಬುದಕ್ಕೆ ಬಹುಕಾಲ ಕೊಡಲಿಲ್ಲ. ಆ ಕೊರತೆಯನ್ನು ತುಸು ತುಂಬಿದ್ದು ಮುಂದಿನ ಸಂಶೋಧನೆ. ನೆರೆಯ ಬಳ್ಳಾರಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣಿನಲ್ಲಿ ಸುಟ್ಟು ಕರಿಕಾಗಿ ಉಳಿದ ಕಾಳುಗಳನ್ನು ಸಸ್ಯತಜ್ಞರು ಗುರುತಿಸಿದ್ದಾರೆ. ಅವುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಒಣಸೀಮೆಯ ಜನ ಉಂಡದ್ದನ್ನೇ ನಮ್ಮ ಅಜ್ಜಿಯಂದಿರೂ ಉಂಡರು ಎನ್ನುವುದು ಬಾಯಿಮಾತಿನ ಹೆಮ್ಮೆಯಲ್ಲ, ಅಗೆದು ತೆಗೆದ ಸತ್ಯ.

ಆದರೆ ಇದೇ ಸಾಕ್ಷ್ಯ ಇನ್ನೊಂದು ಪಾಠವನ್ನೂ ಹೇಳುತ್ತದೆ. ನಾವು ಅನಾದಿಯೆಂದು ನಂಬಿರುವ ಊಟದ ಅರ್ಧ ಭಾಗ ಹೊರಗಿನಿಂದ ಬಂದದ್ದು. ರಾಗಿ, ಜೋಳ, ಸಜ್ಜೆಗಳ ತವರು ಆಫ್ರಿಕಾ. ಹುಣಸೆಯೂ ಅಲ್ಲಿಂದ ಬಂದದ್ದೇ. ನವಣೆಯನ್ನು ಮೊದಲು ಬೆಳೆದವರು ಚೀನಾದವರು. ಮೆಣಸಿನಕಾಯಿ, ಶೇಂಗಾ, ಟೊಮೆಟೊ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದ ಹಡಗು ವ್ಯಾಪಾರದ ನಂತರ ಬಂದವು. ಶೇಂಗಾ ಚಟ್ನಿಯಿಲ್ಲದ, ಕೆಂಪು ಮೆಣಸಿನಕಾಯಿಯಿಲ್ಲದ ದುರ್ಗದ ಊಟವನ್ನು ಇವತ್ತು ಊಹಿಸುವುದೇ ಕಷ್ಟ. ಆದರೂ ಕೋಟೆಯ ಮೊದಲ ಕಲ್ಲು ಇಟ್ಟವರಿಗೆ ಇವೆರಡೂ ಗೊತ್ತಿರಲಿಲ್ಲ. ಅಡುಗೆಮನೆ ಹೊಸದಕ್ಕೆ ಎಂದೂ ಬಾಗಿಲು ಮುಚ್ಚಿಲ್ಲ. ಹೀಗಾಗಿ ಗೋಬಿ ಮಂಚೂರಿಯೋ ನೂಡಲ್ಸೋ ಬಂದದ್ದನ್ನೇ ಸಂಸ್ಕೃತಿಯ ನಾಶವೆಂದು ಬಣ್ಣಿಸುವುದು ದುಡುಕಾದೀತು. ಮೆಣಸಿನಕಾಯಿ ಬಂದು ನಮ್ಮ ಹೊಲದ ಬೆಳೆಯಾಯಿತು, ಹಿತ್ತಲ ಗಿಡವಾಯಿತು. ಇಂದಿನ ಪೊಟ್ಟಣ ಹೊಲವನ್ನೂ ಹಿತ್ತಲನ್ನೂ ಬಿಟ್ಟು ನೇರವಾಗಿ ತಟ್ಟೆಗೆ ಬರುತ್ತಿದೆ. ನಾವು ಯೋಚಿಸಬೇಕಾದದ್ದು ಈ ವ್ಯತ್ಯಾಸವನ್ನು.

ಒನಕೆಯ ಭಾರ

ಕೋಟೆಯ ಕಾವಲುಗಾರನಾಗಿದ್ದ ಗಂಡ ಊಟಕ್ಕೆ ಕುಳಿತಾಗ ನೀರು ತರಲು ಹೋದ ಓಬವ್ವ, ಬಂಡೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದಳೆಂಬ ಕಥೆ ಕರ್ನಾಟಕದ ಪ್ರತಿ ಮಗುವಿಗೂ ಗೊತ್ತು. 1779ರಲ್ಲಿ ಮದಕರಿ ನಾಯಕನ ಕೋಟೆ ಬಿದ್ದರೂ ಆ ಒನಕೆ ಜನರ ನೆನಪಿನಲ್ಲಿ ಬೀಳಲಿಲ್ಲ. ಒನಕೆ ಕಾವಲುಗಾರನ ಮನೆಯಲ್ಲಿ ಕೈಗೆ ಸಿಗುವಂತೆ ಏಕಿತ್ತು ಎಂದು ಮಾತ್ರ ನಾವು ಕೇಳಿಕೊಂಡಿಲ್ಲ. ದಿನವೂ ಧಾನ್ಯ ಕುಟ್ಟುವುದು ಹೆಂಗಸಿನ ಕೆಲಸವಾಗಿತ್ತು. ಅಂಥದ್ದೊಂದು ಆಯುಧವನ್ನು ಎತ್ತಿ ಬಡಿಯುವ ತೋಳಬಲ ಆ ಕೆಲಸದಿಂದಲೇ ಬಂದಿರಬೇಕು.

ಧಾನ್ಯಗಳಲ್ಲಿ ಎರಡು ಬಗೆ. ರಾಗಿ, ಜೋಳ, ಸಜ್ಜೆಗಳಿಗೆ ಮೇಲೆ ಗಟ್ಟಿ ಹೊಟ್ಟಿಲ್ಲ. ಒಕ್ಕಣೆ ಮುಗಿದ ಮೇಲೆ ಹಸನು ಮಾಡಿ ನೇರವಾಗಿ ಬೀಸಬಹುದು. ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಈ ಆರಕ್ಕೂ ಬಿಗಿಯಾದ ಹೊಟ್ಟಿದೆ. ಅದನ್ನು ಕುಟ್ಟಿ, ಕೇರಿ, ಮತ್ತೆ ಕುಟ್ಟಿ ತೆಗೆದರಷ್ಟೇ ಅಕ್ಕಿಯಾಗುತ್ತದೆ. ಹತ್ತು ಜನರ ಮನೆಗೆ ಒಂದು ದಿನದ ನವಣೆ ಅನ್ನವೆಂದರೆ ಒರಳಿನ ಮುಂದೆ ಇಬ್ಬರು ಹೆಂಗಸರ ಬೆವರು. ಕಾಳು ಸಣ್ಣದಾದಷ್ಟೂ ನುಚ್ಚಾಗುವ ನಷ್ಟವೂ ಹೆಚ್ಚು. ಊರೂರಿಗೆ ಹಿಟ್ಟಿನ ಗಿರಣಿ ಬಂದಾಗ ಬೀಸುವ ಕಲ್ಲು ಮೂಲೆ ಸೇರಿ ರಾಗಿ, ಜೋಳ ಉಳಿದುಕೊಂಡವು. ಭತ್ತಕ್ಕೂ ಗಿರಣಿಯಿತ್ತು. ನವಣೆ, ಸಾಮೆಗಳ ಹೊಟ್ಟು ತೆಗೆಯುವ ಚಿಕ್ಕ ಯಂತ್ರಗಳು ಹಳ್ಳಿಗೆ ಬರಲು ಮಾತ್ರ ಇನ್ನೂ ದಶಕಗಳು ಹಿಡಿದವು. ಆ ಅಂತರದಲ್ಲೇ ಈ ಧಾನ್ಯಗಳು ನಿತ್ಯದ ತಟ್ಟೆಯಿಂದ ಜಾರಿದವು. ಅವು ಸೋತದ್ದು ರುಚಿಯಲ್ಲಲ್ಲ, ಹೊಟ್ಟು ತೆಗೆಯುವ ಕೆಲಸದಲ್ಲಿ. ಸಿರಿಧಾನ್ಯ ಮರೆತ ತಲೆಮಾರನ್ನು ದೂರುವ ಭಾಷಣಗಳು ಈ ಸರಳ ಸಂಗತಿಯನ್ನು ಬಿಟ್ಟುಬಿಡುತ್ತವೆ.

ಹಸಿರು ಕ್ರಾಂತಿಯ ನಂತರ ಸರ್ಕಾರದ ಖರೀದಿ, ದಾಸ್ತಾನು, ಪಡಿತರ ಮೂರೂ ಅಕ್ಕಿ-ಗೋಧಿಯ ಸುತ್ತ ಬೆಳೆದವು. 2013ರ ಜುಲೈನಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. ಒಣಬೇಸಾಯದ ಮನೆಗಳಲ್ಲಿ ಅಕ್ಕಿ ಅನ್ನ ಹಬ್ಬದ ದಿನದ ಊಟವಾಗಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಬಿಳಿ ಅನ್ನವೆಂದರೆ ಬಡತನದಿಂದ ಹೊರಬಂದ ಗುರುತು. ಬಂದವರ ಮುಂದೆ ಮುದ್ದೆಯನ್ನಿಡಲು ಇಂದಿಗೂ ಇರುವ ಸಂಕೋಚದ ಬೇರು ಅಲ್ಲಿದೆ. ಯಾವ ಊಟ ಬರಗಾಲದ ನೆನಪನ್ನು ತರುತ್ತದೋ ಅದನ್ನು ನೆಂಟರಿಗೆ ಬಡಿಸಲು ಮನಸ್ಸು ಒಪ್ಪುವುದಿಲ್ಲ. ಈ ಸಂಕೋಚವನ್ನು ಹಗುರವಾಗಿ ಕಾಣಲಾಗದು.

ಹೊಲ ಬದಲಾಯಿತು, ಖರ್ಚೂ ಬದಲಾಯಿತು

ಕೊಳವೆಬಾವಿ ಇಳಿದಂತೆ ಅಡಿಕೆ ಏರಿತು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ರಾಗಿ, ಸಾಮೆ, ಅವರೆ ಕೂಡಿ ಬೆಳೆಯುತ್ತಿದ್ದ ಹೊಲಗಳು ತೋಟಗಳಾದವು. ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿತು. ರೈತರ ದೃಷ್ಟಿಯಿಂದ ಇದು ತಪ್ಪಲ್ಲ. ಸಾಮೆ ಬೆಳೆದವರಿಗೆ ಸಿಗದ ಆದಾಯವನ್ನು ಅಡಿಕೆ ಕೊಟ್ಟಿತು, ಮಕ್ಕಳನ್ನು ಓದಿಸಿತು. ಆದರೆ ಅಕ್ಕಡಿ ಸಾಲು ಹೋದಾಗ ಅದರೊಂದಿಗೆ ಅಡುಗೆಮನೆಯ ಸಾಮಾನಿನ ಅರ್ಧ ಹೋಯಿತು. ರಾಗಿ ಹೊಲದ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ಬದುವಿನಲ್ಲಿ ಅಣ್ಣೆ, ಗೋಣಿ, ಹೊನಗೊನ್ನೆ, ಕನ್ನೆ ಸೊಪ್ಪು ತಾವಾಗಿಯೇ ಹುಟ್ಟುತ್ತಿದ್ದವು. ಕಳೆ ಕೀಳುವ ಹೆಂಗಸರು ಸಂಜೆ ಮಡಿಲಲ್ಲಿ ತರುತ್ತಿದ್ದ ಬೆರಕೆ ಸೊಪ್ಪಿಗೆ ದುಡ್ಡಿನ ಖರ್ಚಿರಲಿಲ್ಲ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಅವು ಇಲ್ಲ; ಇದ್ದರೂ ಕೊಯ್ಯಬಾರದು. ಪೇಟೆಯಲ್ಲಿ ಸಿಗುವ ಸೊಪ್ಪು ಈಗ ದಂಟು, ಪಾಲಕ್, ಮೆಂತ್ಯ, ಸಬ್ಬಸಿಗೆಗಳಿಗೆ ಇಳಿದಿದೆ. ನಿತ್ಯದ ಅಡುಗೆ ಬಡವಾದದ್ದರ ಹೆಚ್ಚಿನ ಪಾಲು ಇಲ್ಲಿ ನಡೆದಿದೆ ಎಂದೇ ಈ ಲೇಖಕರ ಅಭಿಪ್ರಾಯ.

ಕುಟುಂಬದ ಖರ್ಚಿನ ರಾಷ್ಟ್ರೀಯ ಸಮೀಕ್ಷೆಗಳು ಅದೇ ಬದಲಾವಣೆಯ ಇನ್ನೊಂದು ಮುಖವನ್ನು ತೋರಿಸುತ್ತವೆ. 2011–12ರಲ್ಲಿ ದೇಶದ ಗ್ರಾಮೀಣ ಜನರ ತಿಂಗಳ ತಲಾ ವೆಚ್ಚದಲ್ಲಿ ಧಾನ್ಯಗಳ ಪಾಲು ಶೇ 10.75 ಇತ್ತು, 2022–23ರಲ್ಲಿ ಅದು ಶೇ 4.91ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ಪಾನೀಯ, ತಿಂಡಿ ಮತ್ತು ಸಂಸ್ಕರಿತ ಆಹಾರದ ಪಾಲು ಶೇ 7.90ರಿಂದ ಶೇ 9.62ಕ್ಕೆ ಏರಿತು. ಅಗ್ಗದ ಹಾಗೂ ಉಚಿತ ಪಡಿತರದಿಂದ ಧಾನ್ಯದ ಖರ್ಚು ತಗ್ಗಿದ್ದು ಒಳ್ಳೆಯದೇ. ಹಾಗೆ ಕೈಯಲ್ಲಿ ಉಳಿದ ಹಣ ಹಾಲು, ಹಣ್ಣು, ಮೊಟ್ಟೆಗೂ ಹೋಗಿದೆ. ಕುರುಕಲು ಪೊಟ್ಟಣಗಳಿಗೂ ಹೋಗಿದೆ. ಹಳ್ಳಿಯ ಯಾವ ಚಿಲ್ಲರೆ ಅಂಗಡಿಯ ಮುಂದೆ ನಿಂತರೂ ಎರಡನೆಯದು ಕಣ್ಣಿಗೆ ಬೀಳುತ್ತದೆ.

ಆರೋಗ್ಯದ ಲೆಕ್ಕವೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಹುರುಳಿಯ ತೂಕದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ಮುದ್ದೆ ಉಂಡರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಸುಳ್ಳು ಭರವಸೆ. ಆದರೆ ಸೊಪ್ಪು, ಕಾಳು, ನಿಂಬೆಹುಳಿ ಇರುವ ತಟ್ಟೆ ಬರೀ ಅನ್ನ ಮತ್ತು ತಿಳಿಸಾರಿನ ತಟ್ಟೆಗಿಂತ ಮೇಲು ಎನ್ನಲು ಯಾವ ತಜ್ಞರ ಸಮಿತಿಯೂ ಬೇಕಾಗಿಲ್ಲ.

ಎರಡು ವಾದಗಳ ನಡುವೆ

ಒಂದು ಕಡೆಯವರು ಹೇಳುವುದು ಹೀಗೆ: ಹಿಂದಿನವರು ಗಟ್ಟಿಮುಟ್ಟಾಗಿದ್ದರು, ಈಗಿನವರಿಗೆ ಅಡುಗೆಮನೆಯೆಂದರೆ ಬೇಸರ, ಸೋಮಾರಿತನದಿಂದಲೇ ಎಲ್ಲ ಹಾಳಾಯಿತು. ಹೀಗೆ ಹೇಳುವವರಲ್ಲಿ ಒರಳಿನ ಮುಂದೆ ಕುಳಿತವರು ಕಡಿಮೆ. ಹಿಂದಿನ ಊಟದಲ್ಲಿ ಸತ್ವವಿತ್ತು ಎಂಬುದು ನಿಜವಾದರೂ ಎಲ್ಲರಿಗೂ ಹೊಟ್ಟೆತುಂಬ ಇರಲಿಲ್ಲ ಎಂಬುದು ಅಷ್ಟೇ ನಿಜ. ಅಂಬಲಿ ಕುಡಿದು ಮಲಗಿದ ರಾತ್ರಿಗಳನ್ನು ‘ಪಾರಂಪರಿಕ ಆಹಾರ’ವೆಂದು ಹೊಗಳುವುದು ಆ ರಾತ್ರಿಗಳನ್ನು ಕಳೆದವರಿಗೆ ಮಾಡುವ ಅವಮಾನ. ಯಾರ ಮನೆಯ ಅಡುಗೆ ಮೇಲು, ಯಾರದು ಕೀಳು ಎಂಬ ಜಾತಿಯ ಲೆಕ್ಕವೂ ಆ ಪರಂಪರೆಯ ಒಳಗೇ ಇತ್ತು.

ಇನ್ನೊಂದು ಕಡೆಯವರ ವಾದ ಹೀಗಿದೆ: ಕುಕ್ಕರ್, ಮಿಕ್ಸಿ, ಗ್ಯಾಸ್, ರೆಡಿ ಮಸಾಲೆ, ಪಡಿತರದ ಅಕ್ಕಿ ಹೆಂಗಸರನ್ನು ಬಿಡುಗಡೆ ಮಾಡಿವೆ, ಕೆಲಸಕ್ಕೆ ಹೋಗುವ ತಾಯಿ ಸಂಜೆ ಏಳಕ್ಕೆ ಬಂದು ಕಾಳು ಬಸಿಯಬೇಕೆನ್ನುವುದು ಕ್ರೌರ್ಯ. ಗ್ಯಾಸು, ಕುಕ್ಕರು, ಮಿಕ್ಸಿಗಳ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪಬೇಕು. ಹೊಗೆಯಿಲ್ಲದ ಒಲೆ ಹೆಂಗಸರ ಕಣ್ಣು, ಶ್ವಾಸಕೋಶಗಳನ್ನು ಉಳಿಸಿದೆ. ಆದರೆ ಇದೇ ಯಂತ್ರಗಳಿಂದ ಹಳೆಯ ಅಡುಗೆಯೂ ಸುಲಭವಾಯಿತು ಎಂಬುದನ್ನು ಈ ವಾದ ಮರೆಯುತ್ತದೆ. ಬೆಳಿಗ್ಗೆ ನೆನೆಹಾಕಿದ ಅಲಸಂದೆ ಸಂಜೆ ಕುಕ್ಕರಿನಲ್ಲಿ ಮೂರು ಸೀಟಿಗೆ ಬೇಯುತ್ತದೆ, ಖಾರ ಮಿಕ್ಸಿಯಲ್ಲಿ ಎರಡು ನಿಮಿಷಕ್ಕೆ ನುಣ್ಣಗಾಗುತ್ತದೆ. ಪಲಾವಿಗೆ ತರಕಾರಿ ಹೆಚ್ಚುವ ಹೊತ್ತಿನಲ್ಲಿ ಬಸ್ಸಾರು ಒಲೆಯಿಂದ ಇಳಿದಿರುತ್ತದೆ. ಕಷ್ಟವಾಗಿದ್ದ ಭಾಗವನ್ನು ಯಂತ್ರ ತೆಗೆದುಕೊಂಡಿದೆ. ಉಳಿದಿರುವುದು ಅಭ್ಯಾಸ ಮತ್ತು ಆ ಊಟದ ಬಗೆಗಿನ ಮರ್ಯಾದೆಯ ಪ್ರಶ್ನೆ.

ಬಂದವರ ಮುಂದಿಡಲು

ಮೆಚ್ಚುಗೆ ಪಡೆಯುವ ಅಡುಗೆಯೆಂದರೆ ಎಣ್ಣೆ, ಬಣ್ಣ, ಪನೀರ್ ತುಂಬಿದ್ದೆಂಬ ಭಾವನೆ ಮದುವೆ ಮಂಟಪಗಳಿಂದ ಮನೆಗೆ ಬಂದಿದೆ. ನಿತ್ಯದ ಬಾಳಿನಿಂದಲೇ ಹುಟ್ಟಿದ, ಕಡಿಮೆ ಹೊತ್ತಿನಲ್ಲಿ ಆಗುವ, ಯಾರ ಮುಂದೆಯೂ ಇಡಬಹುದಾದ ಪದಾರ್ಥಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಗ್ಗರಣೆ ಮಂಡಕ್ಕಿಯನ್ನೇ ನೋಡಿ. ಚಿತ್ರದುರ್ಗ-ದಾವಣಗೆರೆ ಸೀಮೆಯಲ್ಲಿ ಹೇಳದೆ ಬಂದ ನೆಂಟರಿಗೆ ಇದಕ್ಕಿಂತ ಬೇಗ ಆಗುವ ತಿಂಡಿ ಇಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಬೇಕು, ತಡವಾದರೆ ಮುದ್ದೆಯಾಗುತ್ತದೆ. ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನದ ಒಗ್ಗರಣೆಗೆ ಹಾಕಿ ಮಗುಚಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ನಿಂಬೆ ಹಿಂಡಿದರೆ ಮುಗಿಯಿತು. ಹುರಿಗಡಲೆ ಪುಡಿಯೇ ಇದರ ಜೀವ. ಅದು ಉಳಿದ ತೇವವನ್ನು ಹೀರಿಕೊಂಡು ಪ್ರತಿ ಕಾಳನ್ನೂ ಬಿಡಿಬಿಡಿಯಾಗಿಸುತ್ತದೆ. ಪಕ್ಕದಲ್ಲಿ ಮೆಣಸಿನಕಾಯಿ ಬೋಂಡಾ ಇದ್ದರಂತೂ ಬೇರೇನೂ ಬೇಡ.

ಊಟಕ್ಕೆ ಬಂದವರಿಗೆ ಸುಟ್ಟ ಬದನೆಕಾಯಿ ಗೊಜ್ಜು ಮಾಡಬಹುದು. ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ ಗ್ಯಾಸಿನ ಉರಿಯ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಸಿಪ್ಪೆ ಸುಲಿದು, ಹುಣಸೆರಸ, ಬೆಲ್ಲದ ಚೂರು, ಹಸಿ ಈರುಳ್ಳಿ, ಒಗ್ಗರಣೆ ಸೇರಿಸಿ ಕಲಸಿದರೆ ಸಾಕು. ಹುರುಳಿಯನ್ನು ಹಿಂದಿನ ದಿನವೇ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಸಾರಿಗೆ ಬರುವ ಘಮ ಯಾವ ಪೊಟ್ಟಣದ ಮಸಾಲೆಯಿಂದಲೂ ಬಾರದು. ಕಾಳು ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಹುಣಸೆಹುಳಿ ಸಾಕು. ಮರುದಿನ ಅದರ ರುಚಿ ಇನ್ನೂ ಹೆಚ್ಚು. ನವಣೆಯನ್ನು ಅರ್ಧ ಗಂಟೆ ನೆನೆಸಿ, ಎರಡೂವರೆ ಪಟ್ಟು ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟರೆ ಉದುರುದುರಾಗುತ್ತದೆ. ನವಣೆ ಅಂಟಾಯಿತೆಂದು ಕೈಬಿಟ್ಟವರಲ್ಲಿ ಹೆಚ್ಚಿನವರು ಈ ಹತ್ತು ನಿಮಿಷ ಕಾಯದವರು. ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿದ ಸಾಮೆ ಪಾಯಸಕ್ಕೆ ಶಾವಿಗೆಗಿಂತ ಹೆಚ್ಚಿನ ಹೊತ್ತೇನೂ ಬೇಡ. ಮುದ್ದೆ ಕೋಲು ಹಿಡಿಯಲು ಬಾರದವರು ರಾಗಿಹಿಟ್ಟಿಗೆ ಈರುಳ್ಳಿ, ನುಗ್ಗೆಸೊಪ್ಪು, ಕಾಯಿತುರಿ ಕಲಸಿ ರೊಟ್ಟಿ ತಟ್ಟಬಹುದು. ಬಡಿಸುವಾಗ ಬೇಕಾದದ್ದು ಒಂದೇ: ‘ಏನೂ ಮಾಡಲಿಲ್ಲ, ಬರೀ ಮುದ್ದೆ’ ಎಂಬ ಸಂಕೋಚದ ಮಾತನ್ನು ಬಿಡುವುದು.

ಹೊಣೆ ಯಾರದು

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದಕ್ಕೂ ಮುನ್ನ 2019–20ರಿಂದ ರಾಜ್ಯದ ‘ರೈತ ಸಿರಿ’ ಯೋಜನೆ ಕಿರುಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ನೀಡಿತು. ಈ ಪ್ರಚಾರದಿಂದ ಹೊಸದುರ್ಗದ ಸಾಮೆಗೆ ಹೊರಗೂ ಹೆಸರು ಬಂತು, ನಗರದ ಅಂಗಡಿಗಳಲ್ಲಿ ನವಣೆ, ಕೊರಲೆಗಳ ಪೊಟ್ಟಣಗಳು ಕಂಡವು. ಆದರೆ ಅಲ್ಲಿ ಅವು ಅಕ್ಕಿಗಿಂತ ದುಬಾರಿ. ಬೆಳೆದವರಿಗೆ ಸಿಗುವ ಬೆಲೆಗೂ ಪೊಟ್ಟಣದ ಬೆಲೆಗೂ ನಡುವೆ ದೊಡ್ಡ ಅಂತರ. ಕೇಂದ್ರ ಸರ್ಕಾರದ ಬೆಂಬಲ ಬೆಲೆ ರಾಗಿಗಿದೆ, 2025–26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಜೋಳ, ಸಜ್ಜೆಗೂ ಇದೆ. ನವಣೆ, ಸಾಮೆ, ಹಾರಕ, ಕೊರಲೆಗಳು ಆ ಪಟ್ಟಿಯಲ್ಲಿಲ್ಲ. ಹೊಗಳಿಕೆ ಕೊಟ್ಟು ಬೆಲೆ ಕೊಡದ ನೀತಿ ಬಹುಕಾಲ ನಿಲ್ಲುವುದಿಲ್ಲ.

ಭದ್ರಾ ಮೇಲ್ದಂಡೆ ಯೋಜನೆ ಮುಗಿದಾಗ ಚಿತ್ರದುರ್ಗ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿ ಸಿಗಬೇಕಿದೆ. ಅಷ್ಟು ನೀರು ಬಂದ ಮೇಲೆ ಎಲ್ಲ ಹೊಲವೂ ಅಡಿಕೆಯೇ ಆದರೆ ಜಿಲ್ಲೆ ತನ್ನ ಊಟವನ್ನು ಪೂರ್ತಿಯಾಗಿ ಹೊರಗಿನಿಂದ ಕೊಳ್ಳುವ ಸ್ಥಿತಿಗೆ ಬರುತ್ತದೆ. ಕಾಲುವೆ ತಲುಪುವ ಮುನ್ನವೇ ಕಿರುಧಾನ್ಯಕ್ಕೆ ಬೆಂಬಲ ಬೆಲೆ, ಹೋಬಳಿಗೊಂದು ಹೊಟ್ಟು ತೆಗೆಯುವ ಯಂತ್ರ, ಪಡಿತರ ಮತ್ತು ಶಾಲೆಯ ಬಿಸಿಯೂಟದಲ್ಲಿ ಸ್ಥಳೀಯ ರಾಗಿ-ಕಾಳುಗಳಿಗೆ ಖಾಯಂ ಜಾಗ ಇವು ನಿರ್ಧಾರವಾಗಬೇಕು.

ಇಷ್ಟಾದರೂ ಒಂದು ಲೆಕ್ಕ ಮನೆಯೊಳಗೇ ಉಳಿಯುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದು 289ಕ್ಕೆ, ಗಂಡಸರದು 88ಕ್ಕೆ ಇಳಿದಿದೆ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಮಾಡದವರೇ ಬಹುಪಾಲು. ಐದು ವರ್ಷಗಳಲ್ಲಿ ಅಂತರ ಕಿರಿದಾದದ್ದು ಒಂದೇ ಒಂದು ನಿಮಿಷ. ನಿತ್ಯದ ಅಡುಗೆ ಉಳಿಯಬೇಕೆನ್ನುವವರು ಈ ಅಂಕಿಯನ್ನು ಎದುರಿಸದೆ ಮುಂದೆ ಹೋಗಲಾಗದು. ಹೆಣ್ಣುಮಕ್ಕಳು ಓದಿಗೆ, ಕೆಲಸಕ್ಕೆ ಹೋಗುತ್ತಿರುವ ಕಾಲದಲ್ಲಿ ಅವರ ಹೆಗಲ ಮೇಲೆಯೇ ಬಸ್ಸಾರನ್ನೂ ಉಳಿಸುವ ಹೊಣೆ ಹೊರಿಸಿದರೆ ಅವರು ಅದನ್ನು ಇಳಿಸಿಯೇ ಇಳಿಸುತ್ತಾರೆ. ಇಳಿಸಿದರೆ ತಪ್ಪೂ ಅಲ್ಲ. ಓದುಗರಲ್ಲಿ ಇಷ್ಟೇ ಕೇಳಿಕೆ: ರಜೆಯಲ್ಲಿ ಮನೆಯ ಗಂಡುಮಕ್ಕಳಿಗೆ ಕಾಳು ನೆನೆಹಾಕುವುದರಿಂದ ಮುದ್ದೆ ಕಟ್ಟುವವರೆಗೆ ಅಡುಗೆ ಕಲಿಸಿ, ವಾರಕ್ಕೆ ಎರಡು ದಿನವಾದರೂ ಒಲೆಯ ಹೊಣೆಯನ್ನು ಅವರಿಗೇ ಬಿಟ್ಟುಕೊಡಿ.